ಕರೆಯೋಲೆಗೆ ತಕ್ಕ ಅಕ್ಷರ

ಮದುವೆಯ ಮುಹೂರ್ತಗಳು ಕೂಡಿಬರುವ ತಿಂಗಳುಗಳಲ್ಲಿ ಹೊನ್ನಾಳಿ, ನ್ಯಾಮತಿ, ಚನ್ನಗಿರಿ, ಜಗಳೂರು ಕಡೆಯ ಮನೆಗಳಿಗೆ ಲಗ್ನಪತ್ರಿಕೆಗಳು ಒಂದರ ಹಿಂದೊಂದು ಬರುತ್ತವೆ. ಮೂಲೆಗೆ ಅರಿಸಿನ ಕುಂಕುಮ ಹಚ್ಚಿರುತ್ತದೆ. ತಲೆಯ ಮೇಲೆ ಮನೆದೇವರ ಹೆಸರು, ಅದರ ಮುಂದೆ 'ಪ್ರಸನ್ನ' ಎಂಬ ಮಾತು. ನಡುವೆ ವಧೂವರರ ಹೆಸರು. ಕೆಳಗೆ ಸುಖಾಗಮನ ಬಯಸುವವರ ಪಟ್ಟಿ. ಈಗೀಗ ಬಹಳಷ್ಟು ಪತ್ರಿಕೆಗಳು ಒಂದು ಮಗ್ಗುಲು ಕನ್ನಡದಲ್ಲಿ, ಇನ್ನೊಂದು ಮಗ್ಗುಲು ಇಂಗ್ಲಿಷಿನಲ್ಲಿ ಅಚ್ಚಾಗುತ್ತವೆ. ಅಂಥದೊಂದನ್ನು ಕೈಗೆತ್ತಿಕೊಂಡು ಎರಡೂ ಮಗ್ಗುಲು ತಿರುವಿ ನೋಡಿ. ಇಂಗ್ಲಿಷಿನ ಹೆಸರುಗಳು ಒಂದು ಅಕ್ಷರದ ಕೈ ಇನ್ನೊಂದು ಅಕ್ಷರ ಹಿಡಿದಂತೆ ಬಳುಕುತ್ತಾ ಸಾಗುತ್ತವೆ. ಮೊದಲ ಅಕ್ಷರಕ್ಕೆ ಉದ್ದನೆಯ ಸುಳಿ, ಏರುವಾಗ ಗೆರೆ ಸಣ್ಣ, ಇಳಿಯುವಾಗ ದಪ್ಪ. ಕನ್ನಡದ ಮಗ್ಗುಲಿನ ಹೆಸರುಗಳಿಗೆ ಬಳಸಿದ್ದು ಪತ್ರಿಕೆಯ ಒಳಸಾಲುಗಳಿಗೆ ಬಳಸಿದ ಅಕ್ಷರವನ್ನೇ. ಅದನ್ನು ಸ್ವಲ್ಪ ದೊಡ್ಡದು ಮಾಡಿ, ದಪ್ಪ ಮಾಡಿ, ಬಲಕ್ಕೆ ವಾಲಿಸಿ, ಚಿನ್ನದ ಬಣ್ಣ ಕೊಟ್ಟಿರುತ್ತಾರೆ. ಅಚ್ಚುಮನೆಯವರಿಗೆ ಇದರಲ್ಲಿ ತಪ್ಪು ಹೊರಿಸುವಂತಿಲ್ಲ. ಅವರ ಗಣಕಯಂತ್ರದಲ್ಲಿ ಇಂಗ್ಲಿಷಿಗೆ ಸಮಾರಂಭದ ಅಕ್ಷರ ಇದೆ, ಕನ್ನಡಕ್ಕೆ ಇಲ್ಲವೆನ್ನುವಷ್ಟು ಕಡಿಮೆ. ಕನ್ನಡಕ್ಕೂ ಅಂಥ ಒಂದು ಅಕ್ಷರಮಾದರಿ ಬೇಕು, ಅದು ಇಂಗ್ಲಿಷಿನದರ ಅನುಕರಣೆ ಆಗಬಾರದು, ನಮ್ಮದೇ ಬರವಣಿಗೆಯ ಪರಂಪರೆಯಿಂದ ಅದನ್ನು ಬೆಳೆಸಲು ಸಾಧ್ಯ ಎಂಬುದು ಈ ಬಾನುಲಿ ಭಾಷಣದಲ್ಲಿ ನಾನು ಮುಂದಿಡುವ ವಾದ.

ಮೊದಲು ಇಂಗ್ಲಿಷಿನ ಆ ಅಕ್ಷರ ಹೇಗೆ ಬಂತೆಂದು ನೋಡೋಣ. ಪುಸ್ತಕದ ಅಚ್ಚುಮೊಳೆಯನ್ನು ಯಾರೋ ಓರೆ ಮಾಡಿದ್ದರಿಂದ ಅದು ಹುಟ್ಟಿದ್ದಲ್ಲ. ಹದಿನೇಳು, ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಬರವಣಿಗೆ ಕಲಿಸುವ ಗುರುಗಳಿದ್ದರು. ಒತ್ತಿದರೆ ಬಿಚ್ಚಿಕೊಳ್ಳುವ, ಬಿಟ್ಟರೆ ಕೂಡಿಕೊಳ್ಳುವ ಗರಿಯ ಲೇಖನಿಯಿಂದ ಅವರು ಬರೆದ ದುಂಡುಬರಹವನ್ನು ತಾಮ್ರದ ತಗಡಿನ ಮೇಲೆ ಕೆತ್ತಿ ಅಚ್ಚು ಹಾಕುತ್ತಿದ್ದರು. ಜಾರ್ಜ್ ಬಿಕ್‌ಹ್ಯಾಮ್ ಎಂಬ ಕೆತ್ತನೆಗಾರ ಅಂಥ ಗುರುಗಳ ಬರಹಗಳನ್ನು ಕೂಡಿಸಿ 1733ರಿಂದ 1741ರ ತನಕ ಕಂತುಕಂತಾಗಿ ಹೊರತಂದ 'ಯೂನಿವರ್ಸಲ್ ಪೆನ್‌ಮನ್' ಇಂದಿಗೂ ಅಕ್ಷರ ವಿನ್ಯಾಸಕಾರರ ಮೇಜಿನ ಮೇಲಿದೆ. ಅಂಥದೇ ಬರವಣಿಗೆ ಗುರುವಾಗಿದ್ದ ಚಾರ್ಲ್ಸ್ ಸ್ನೆಲ್‌ನ ಕೈಬರಹವನ್ನು ಆಧರಿಸಿ ಅಕ್ಷರ ವಿನ್ಯಾಸಕಾರ ಮ್ಯಾಥ್ಯೂ ಕಾರ್ಟರ್ 1960ರ ದಶಕದಲ್ಲಿ 'ಸ್ನೆಲ್ ರೌಂಡ್‌ಹ್ಯಾಂಡ್' ಎಂಬ ಅಕ್ಷರಮಾದರಿ ರೂಪಿಸಿದರು. ಸೀಸದ ಮೊಳೆಗಳ ಕಾಲದಲ್ಲಿ ಅಕ್ಷರಕ್ಕೆ ಅಕ್ಷರ ಕೂಡಿಸುವುದು ಕಷ್ಟವಿತ್ತು, ಪ್ರತಿಯೊಂದು ಅಕ್ಷರವೂ ತನ್ನ ಲೋಹದ ಚೌಕದೊಳಗೆ ಕೂತಿರಬೇಕಿತ್ತು. ಫೋಟೋ ಮೂಲಕ ಅಕ್ಷರ ಜೋಡಿಸುವ ಯಂತ್ರ ಬಂದ ಮೇಲೆ ಆ ಕಟ್ಟು ಸಡಿಲವಾಯಿತು. ಗಮನಿಸಬೇಕಾದ್ದು ಕ್ರಮವನ್ನು. ಅಲ್ಲಿ ಮೊದಲು ಕೈ ಬಂತು, ಆಮೇಲೆ ಕೆತ್ತನೆ, ಅದಾದ ಮೇಲೆ ಯಂತ್ರ. ನಾವು ಕನ್ನಡದಲ್ಲಿ ಕೈಯನ್ನು ಬದಿಗಿಟ್ಟು ಯಂತ್ರದ ಗುಂಡಿಯಿಂದ ಶುರುಮಾಡಿದ್ದೇವೆ. ಅಕ್ಷರವನ್ನು ವಾಲಿಸುವ ಗುಂಡಿ ಅದು.

ಆ ಗುಂಡಿ ಮಾಡುವ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಬಾನುಲಿಯಲ್ಲಿ ಅಕ್ಷರ ತೋರಿಸಲು ಬರುವುದಿಲ್ಲ. ಆದ್ದರಿಂದ ದಯವಿಟ್ಟು ನಿಮ್ಮ ಎಡ ಅಂಗೈ ಮೇಲೆ ಬಲಗೈ ತೋರುಬೆರಳಿನಿಂದ 'ಶ್ರೀ' ಎಂದು ನಿಧಾನವಾಗಿ ಬರೆಯಿರಿ. ಶಕಾರದ ದುಂಡು ಒಡಲು ಬಂತು. ಅದರ ತಲೆಯ ಮೇಲೆ ಗುಡಿಸು ಬಂತು, ಬಲಕ್ಕೆ ದೀರ್ಘದ ಸುರುಳಿ, ಕೆಳಗೆ ರಕಾರದ ಒತ್ತು. ನಿಮ್ಮ ಬೆರಳು ಮೂರು ಅಂತಸ್ತುಗಳಲ್ಲಿ ಓಡಾಡಿತು: ಮೇಲೆ ಸ್ವರದ ಗುರುತು, ನಡುವೆ ಒಡಲು, ಕೆಳಗೆ ಒತ್ತು. ಗಣಕಯಂತ್ರ ಅಕ್ಷರವನ್ನು ವಾಲಿಸುವುದು ನಡುಸಾಲಿನ ಅಡಿಗೆರೆಯನ್ನು ಹಿಡಿದು. ಅಡಿಗೆರೆಯ ಮೇಲಿದ್ದದ್ದು ಬಲಕ್ಕೆ ಸರಿಯುತ್ತದೆ, ಕೆಳಗಿದ್ದದ್ದು ಎಡಕ್ಕೆ ಸರಿಯುತ್ತದೆ. ಇಂಗ್ಲಿಷಿನಲ್ಲಿ ಅಡಿಗೆರೆಯ ಕೆಳಗೆ ಇಳಿಯುವ ಅಕ್ಷರಗಳು ಕೆಲವೇ, ಅವಕ್ಕೂ ಬಾಲ ಮಾತ್ರ ಇರುವುದು. ಅಲ್ಲಿ ನಷ್ಟ ಕಡಿಮೆ. ಕನ್ನಡದಲ್ಲಿ ಕೆಳಗಿರುವುದು ಬಾಲವಲ್ಲ, ಇಡೀ ಒಂದು ವ್ಯಂಜನ. ಗುಡಿಸು ಬಲಕ್ಕೆ, ಒತ್ತು ಎಡಕ್ಕೆ, ಒಡಲು ನಡುವೆ. ಒಂದಾಗಿದ್ದ ಅಕ್ಷರದ ಕೀಲುಗಳು ಸಡಿಲಗೊಂಡು, ಒತ್ತು ತನ್ನ ಅಕ್ಷರವನ್ನು ಬಿಟ್ಟು ಹಿಂದಿನ ಅಕ್ಷರದ ಬುಡಕ್ಕೆ ಹೋಗಿ ನಿಲ್ಲುತ್ತದೆ. ದುಂಡಗಿದ್ದ ಹೊಟ್ಟೆ ಓರೆ ಮೊಟ್ಟೆಯಾಗುತ್ತದೆ. ಗೆರೆಯ ದಪ್ಪ ಕೂಡ ಎಲ್ಲಿ ಕಡಿಮೆಯಾಗಬಾರದೋ ಅಲ್ಲೇ ಕಡಿಮೆಯಾಗುತ್ತದೆ. ಬಿರುಸಾಗಿ ಬರೆಯುವ ಮನುಷ್ಯನ ಕೈ ಎಂದೂ ಹೀಗೆ ಮಾಡುವುದಿಲ್ಲ. ಕೈ ವಾಲಿದರೆ ಒತ್ತೂ ತನ್ನ ಅಕ್ಷರದ ಜೊತೆಗೇ ವಾಲುತ್ತದೆ.

ಹಾಗಾದರೆ ನಮಗೆ ನಮ್ಮದೇ ಆದ ಗಂಭೀರ ಬರಹ ಇತ್ತೇ? ಇತ್ತು. ಅದರ ಸಾಕ್ಷ್ಯಕ್ಕೆ ಹೊನ್ನಾಳಿಯಿಂದ ದೂರ ಹೋಗಬೇಕಿಲ್ಲ. ನೆರೆಯ ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಐದನೆಯ ಶತಮಾನದ ಕದಂಬರ ಕಂಬವಿದೆ. ಭಾಷೆ ಸಂಸ್ಕೃತ, ಲಿಪಿ ನಮ್ಮ ಲಿಪಿಯ ಹಿರಿಯ ರೂಪ. ಪ್ರತಿ ಅಕ್ಷರದ ನೆತ್ತಿಯ ಮೇಲೂ ಪುಟ್ಟ ಪೆಟ್ಟಿಗೆಯಂಥ ಚೌಕ. ನಾವು ಇಂದು ತಲೆಕಟ್ಟು ಎನ್ನುವುದು ಇಂಥ ತಲೆಗುರುತುಗಳಿಂದಲೇ ಬೆಳೆದುಬಂದದ್ದು. ಆ ಶಾಸನದ ಕೊನೆಯಲ್ಲಿ ಕುಬ್ಜನೆಂಬ ಕವಿ ತನ್ನ ಕಾವ್ಯವನ್ನು ಕಲ್ಲಿನ ಮೇಲೆ ಬರೆದವನೂ ತಾನೇ ಎಂದು ಹೇಳಿಕೊಂಡಿದ್ದಾನೆ. ಕಾವ್ಯ ಕಟ್ಟುವಷ್ಟೇ ಅಕ್ಷರ ಬರೆಯುವುದೂ ಹೇಳಿಕೊಳ್ಳಬೇಕಾದ ಕೆಲಸವೆಂದು ಒಬ್ಬ ಆಸ್ಥಾನಕವಿ ಭಾವಿಸಿದ್ದ ಎನ್ನುವುದಕ್ಕೆ ಇದಕ್ಕಿಂತ ಗಟ್ಟಿ ಪುರಾವೆ ಬೇಕಿಲ್ಲ. ಮುಂದಿನ ಶತಮಾನಗಳ ಕನ್ನಡ ಶಾಸನಗಳಲ್ಲಿ ಪಾಠ ರಚಿಸಿದವನು ಒಬ್ಬ, ಬರೆದ ಸೇನಬೋವ ಇನ್ನೊಬ್ಬ, ಕಂಡರಿಸಿದ ರೂವಾರಿ ಮತ್ತೊಬ್ಬ ಎಂದು ಹೆಸರು ಹೆಸರಾಗಿ ದಾಖಲಿಸಿದ ಉದಾಹರಣೆಗಳು ಎಷ್ಟೋ ಇವೆ. ಹೊನ್ನಾಳಿಯಿಂದ ತುಂಗಭದ್ರಾ ಹೊಳೆಯ ಹರಿವಿನ ಜೊತೆ ಕೆಳಗೆ ಹೋದರೆ ಹರಿಹರ. ಅಲ್ಲಿ 1224ರ ಸುಮಾರಿಗೆ ಹೊಯ್ಸಳರ ಪೋಲಾಳ್ವ ದಂಡನಾಯಕ ಕಟ್ಟಿಸಿದ ಹರಿಹರೇಶ್ವರ ದೇವಾಲಯದಲ್ಲಿ ಎತ್ತರದ ಶಾಸನ ಫಲಕಗಳಿವೆ. ಆ ಕಾಲಕ್ಕೆ ಪೆಟ್ಟಿಗೆ ತಲೆ ಕರಗಿ ಅಕ್ಷರಗಳು ತುಂಬು ದುಂಡಗಾಗಿವೆ, ಸಾಲಿಗೆ ಸಾಲು ಮುತ್ತು ಪೋಣಿಸಿದ ಹಾಗೆ ಕೂತಿವೆ. ದಾನದ ಮಾತನ್ನು ಸೂರ್ಯಚಂದ್ರರಿರುವ ತನಕ ನಿಲ್ಲಿಸಬೇಕಾದ ಅಕ್ಷರ ಅದು. ಸಮಾರಂಭದ ಅಕ್ಷರವೆಂದರೆ ಇನ್ನೇನು?

ಕಲ್ಲೊಂದೇ ಅಲ್ಲ. ಓಲೆಗರಿಯ ಮೇಲೆ ಲೋಹದ ಕಂಟದಿಂದ ಗೀರಿದ ಅಕ್ಷರವಿತ್ತು. ಅಲ್ಲಿ ಉದ್ದ ಅಡ್ಡಗೆರೆ ಎಳೆದರೆ ಗರಿ ಸೀಳುವ ಭಯ, ಆದ್ದರಿಂದ ಕೈ ತಿರುಗುತ್ತಲೇ ಇರಬೇಕು. ಗೆರೆ ಮಾತ್ರ ಮೊದಲಿಂದ ಕೊನೆಯವರೆಗೆ ಒಂದೇ ದಪ್ಪ. ಕಡತವಿತ್ತು; ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲು ಪುಡಿ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಚಿ, ಬಿಳಿ ಬಳಪದಿಂದ ಬರೆಯುತ್ತಿದ್ದರು. ಬಳಪ ಸವೆದಂತೆ ಗೆರೆ ಅಗಲವಾಗುತ್ತದೆ, ತಿರುಗಿಸಿ ಹಿಡಿದರೆ ಮತ್ತೆ ಸಣ್ಣಗಾಗುತ್ತದೆ. ಮಠದ ಲೆಕ್ಕ, ಅರಮನೆಯ ನಿರೂಪ, ಎಲ್ಲಕ್ಕೂ ಈ ಕೈ ಒದಗಿತು. ಉಳಿ, ಕಂಟ, ಬಳಪ, ಬೊರು ಎಂಬ ಜೊಂಡಿನ ಲೇಖನಿ ಈ ನಾಲ್ಕೂ ಬೇರೆ ಬೇರೆ ಗೆರೆ ಕೊಡುವ ಸಾಧನಗಳು. ಕನ್ನಡದ ಸಮಾರಂಭದ ಅಕ್ಷರ ರೂಪಿಸುವವರಿಗೆ ಹಿಡಿಯಲು ಒಂದಲ್ಲ, ನಾಲ್ಕು ದಾರಿಗಳಿವೆ. ಲಂಡನ್ನಿನ ಗರಿಯ ಲೇಖನಿಯನ್ನು ಕನ್ನಡಕ್ಕೆ ಎರವಲು ತರಬೇಕಾದ ಬಡತನ ನಮಗಿಲ್ಲ.

ಈ ಸಂಪತ್ತು ಅಚ್ಚಿನ ಕಾಲಕ್ಕೆ ಬಂದಾಗ ಸೋರಿಹೋದದ್ದು ಹೇಗೆ? 1817ರಲ್ಲಿ ಸಿರಾಂಪುರದಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಅಚ್ಚಾಯಿತು. ಅಲ್ಲಿಂದ ಮುಂದೆ ಮೊಳೆ ಎರಕ ಹೊಯ್ದವರ ಮುಂದಿದ್ದ ಸಮಸ್ಯೆ ಅಂದವಲ್ಲ, ಎಣಿಕೆ. ಪ್ರತಿ ಗುಣಿತಕ್ಕೂ ಒಂದೊಂದು ಮೊಳೆ ಮಾಡಲಾಗದು, ಆದ್ದರಿಂದ ಒಡಲು ಬೇರೆ, ತಲೆಕಟ್ಟು ಬೇರೆ, ಒತ್ತು ಬೇರೆ ಎಂದು ಅಕ್ಷರವನ್ನು ಬಿಡಿಭಾಗಗಳಾಗಿ ಕತ್ತರಿಸಿದರು. ಓದುವ ಪುಸ್ತಕಕ್ಕೆ ಅದು ದೊಡ್ಡ ಉಪಕಾರ. ಕಿಟೆಲರ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬರಲು ಸಾಧ್ಯವಾದದ್ದು ಆ ಜಾಣತನದಿಂದಲೇ. ಆದರೆ ಅದೇ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ 1843ರಲ್ಲಿ ಹೊರತಂದ 'ಮಂಗಳೂರ ಸಮಾಚಾರ', ಅಂದರೆ ಕನ್ನಡದ ಮೊದಲ ಪತ್ರಿಕೆ, ಕಲ್ಲಚ್ಚಿನಲ್ಲಿ ಬಂದದ್ದು. ಕಲ್ಲಚ್ಚಿಗೆ ಮೊಳೆ ಬೇಕಿಲ್ಲ, ಕೈಬರಹವೇ ಅಚ್ಚಾಗುತ್ತದೆ. ನಮ್ಮ ಪತ್ರಿಕೋದ್ಯಮ ಹುಟ್ಟಿದ್ದು ಕೈಬರಹದಲ್ಲಿ ಎಂಬುದನ್ನು ನಾವು ಸಾಕಷ್ಟು ನೆನೆಯುವುದಿಲ್ಲ. ಮರುವರ್ಷ ಅದು ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ'ವಾಗಿ ಮೊಳೆಗೆ ಇಳಿಯಿತು. ಅಂದಿನಿಂದ ಕೈಬರಹಕ್ಕೆ ಉಳಿದ ಜಾಗ ಪುಸ್ತಕದ ರಕ್ಷಾಪುಟ, ಪತ್ರಿಕೆಯ ತಲೆಬರಹ, ಸಿನಿಮಾ ಪೋಸ್ಟರು, ಅಂಗಡಿಯ ಬೋರ್ಡು. ಟ್ರೆಡಲ್ ಯಂತ್ರದ ಕಾಲದ ಲಗ್ನಪತ್ರಿಕೆಯಲ್ಲೂ ಕಲಾವಿದ ಬರೆದ ತಲೆಬರಹವನ್ನು ಬ್ಲಾಕ್ ಮಾಡಿಸಿ ಮೊಳೆಗಳ ಮೇಲೆ ಕೂರಿಸುವ ರೂಢಿಯಿತ್ತು. ಒಂದು ಪುಟದಲ್ಲಿ ಎರಡು ಬಗೆಯ ಅಕ್ಷರ, ಒಂದು ಕರೆಯಲಿಕ್ಕೆ, ಒಂದು ತಿಳಿಸಲಿಕ್ಕೆ. ಆ ವಿವೇಕವನ್ನು ಡಿಟಿಪಿ ಅಳಿಸಿಹಾಕಿತು.

ಇದೇ ಸೀಮೆಯ ಶಾಸನಗಳಿಗೆ ಆದದ್ದೂ ಇಂಥದೇ. ಬಿ. ಎಲ್. ರೈಸ್ ಅವರ 'ಎಪಿಗ್ರಾಫಿಯಾ ಕರ್ನಾಟಿಕ'ದ ಏಳನೆಯ ಸಂಪುಟ 1902ರಲ್ಲಿ ಬಂತು. ಆಗ ಶಿವಮೊಗ್ಗ ಜಿಲ್ಲೆಗೆ ಸೇರಿದ್ದ ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳ ಶಾಸನಗಳು ಶಿಕಾರಿಪುರದವುಗಳ ಜೊತೆ ಆ ಸಂಪುಟದಲ್ಲಿವೆ. ರೈಸರ ಆ ದುಡಿಮೆಗೆ ನಾಡು ಎಂದೆಂದಿಗೂ ಋಣಿ. ಆದರೂ ಆ ಸಂಪುಟದಲ್ಲಿ ಐದನೆಯ ಶತಮಾನದ ಅಕ್ಷರ, ಹದಿಮೂರನೆಯ ಶತಮಾನದ ಅಕ್ಷರ, ಹದಿನೇಳರ ಅಕ್ಷರ ಎಲ್ಲವೂ ಒಂದೇ ಸೀಸದ ಮೊಳೆಯಲ್ಲಿ ಕಾಣುತ್ತವೆ. ಕಲ್ಲು ಹೇಳಿದ್ದೇನು ಎಂಬುದು ಉಳಿಯಿತು. ಹೇಗೆ ಬರೆದಿತ್ತು ಎಂಬುದು ಬಿಸಿಲು ಮಳೆಯಲ್ಲಿ ನಿಂತ ಮೂಲ ಕಲ್ಲಿನಲ್ಲೇ ಉಳಿಯಿತು.

ಗಣಕಯಂತ್ರ ಬಂದ ಮೇಲೆ ಒಳ್ಳೆಯ ಕೆಲಸವಾಗಿಲ್ಲ ಎನ್ನಲಾಗದು. ಬರಹ, ನುಡಿ ತಂತ್ರಾಂಶಗಳು ಕನ್ನಡವನ್ನು ಹಳ್ಳಿಯ ಅಚ್ಚುಮನೆಗೂ ತಲುಪಿಸಿದವು. ವಿಂಡೋಸ್ ಎಕ್ಸ್‌ಪಿಯೊಡನೆ ಬಂದ ಕನ್ನಡ ಅಕ್ಷರಕ್ಕೆ ತುಂಗಾ ಎಂದೇ ಹೆಸರು. ಮುಂಬಯಿಯ ಐಐಟಿಯಲ್ಲಿ ಅಕ್ಷರ ವಿನ್ಯಾಸ ಕಲಿಸಿದ ಹಿರಿಯ ಲಿಪಿಕಾರ ಆರ್. ಕೆ. ಜೋಶಿ ಅವರ ಮೇಲ್ವಿಚಾರಣೆಯಲ್ಲಿ ಅದು ರೂಪುಗೊಂಡಿತು. ಆದರೆ ಅದು ಪರದೆಯ ಮೇಲೆ ಓದಲೆಂದು ಮಾಡಿದ್ದು, ಕರೆಯೋಲೆಗಲ್ಲ. ಕೈಬರಹದ ಚಹರೆಯ 'ನವಿಲು', ಉಬ್ಬು ಮೈಯ 'ಬಾಲೂ ತಮ್ಮ', ವೈಷ್ಣವಿ ಮೂರ್ತಿ ಮತ್ತು ಹುವಾನ್ ಲೂಯಿಸ್ ಬ್ಲಾಂಕೊ ಕೂಡಿ ಮಾಡಿದ 'ಅಕಯ ಕನಡಕ' ಇವೆಲ್ಲ ಬಿಟ್ಟಿಯಾಗಿ ಸಿಗುತ್ತವೆ. ಇವುಗಳಲ್ಲಿ ಲವಲವಿಕೆಯಿದೆ, ಸಲಿಗೆಯಿದೆ. ಐಸ್‌ಕ್ರೀಂ ಅಂಗಡಿಗೆ, ಮಕ್ಕಳ ಪುಸ್ತಕಕ್ಕೆ, ನಾಟಕದ ಪೋಸ್ಟರಿಗೆ ಇವು ಚೆನ್ನ. ಬಿನ್ನವತ್ತಳೆಗೆ ಬೇಕಾದ ಗಾಂಭೀರ್ಯ ಇವುಗಳ ಉದ್ದೇಶವಲ್ಲ.

ಇಲ್ಲಿ ಕೆಲವರು ಕೇಳುತ್ತಾರೆ: ಕನ್ನಡದ ಅಕ್ಷರ ಹುಟ್ಟಾ ದುಂಡು, ಅದಕ್ಕೆ ಬೇರೆ ಅಲಂಕಾರವೇಕೆ? ದುಂಡಗಿರುವುದು ಬೇರೆ, ಬರೆದಂತಿರುವುದು ಬೇರೆ. ಓದುವ ಅಕ್ಷರದಲ್ಲಿ ಯಾವ ಅಕ್ಷರವೂ ಕಣ್ಣನ್ನು ತಡೆಯಬಾರದು, ಆದ್ದರಿಂದ ಎಲ್ಲ ಗೆರೆಗಳನ್ನೂ ತಟ್ಟಿ ಸಮ ಮಾಡಿರುತ್ತಾರೆ. ಅದು ಅದರ ಗುಣ. ಆದರೆ ಹೆಸರಿನ ಮೇಲೆ ಕಣ್ಣು ನಿಲ್ಲಬೇಕಾದ ಕಡೆ ಆ ಗುಣವೇ ಕೊರತೆ. ಬರೆದ ಅಕ್ಷರದಲ್ಲಿ ಎಲ್ಲಿ ಶುರುವಾಯಿತು, ಎಲ್ಲಿ ಕೈ ತಿರುಗಿತು, ಎಲ್ಲಿ ಎತ್ತಿತು ಎಂಬುದು ಕಾಣುತ್ತದೆ.

ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಅಲಂಕಾರದ ಅಕ್ಷರ ಓದಲು ಕಷ್ಟ. ಲಗ್ನಪತ್ರಿಕೆ ಓದುವವರಲ್ಲಿ ಕಣ್ಣು ಮಂಜಾದ ಹಿರಿಯರಿದ್ದಾರೆ, ಆಗತಾನೆ ಓದಲು ಕಲಿತವರಿದ್ದಾರೆ. ಇದನ್ನು ಪೂರ್ತಿ ಒಪ್ಪಬೇಕು. ಕನ್ನಡದಲ್ಲಿ ಅಪಾಯ ಇನ್ನೂ ಹೆಚ್ಚು. ದಕಾರಕ್ಕೂ ಧಕಾರಕ್ಕೂ, ಪಕಾರಕ್ಕೂ ಫಕಾರಕ್ಕೂ ಇರುವ ವ್ಯತ್ಯಾಸ ಹೊಟ್ಟೆಯ ಸೀಳು ಒಂದೇ. ಸುಳಿಯೊಂದು ಆ ಸೀಳನ್ನು ನುಂಗಿದರೆ ಧನ ಹೋಗಿ ದನವಾಗುತ್ತದೆ. ಮಕಾರವೂ ಕೊಂಬು ಹೊತ್ತ ವಕಾರವೂ ಒಂದನ್ನೊಂದು ಹೋಲುತ್ತವೆ. ಆದ್ದರಿಂದಲೇ ಈ ಅಕ್ಷರ ಬೇಕಾಗಿರುವುದು ತಲೆಬರಹಕ್ಕೆ ಮತ್ತು ಹೆಸರುಗಳಿಗೆ ಮಾತ್ರ. ಪುಟವೊಂದಕ್ಕೆ ಹತ್ತು ಹನ್ನೆರಡು ಮಾತು, ಅದೂ ದೊಡ್ಡ ಅಳತೆಯಲ್ಲಿ. ಮುಹೂರ್ತ, ಸ್ಥಳ, ಬಸ್ಸಿನ ದಾರಿ ಇವು ಎಂದಿನ ಓದುವ ಅಕ್ಷರದಲ್ಲೇ ಇರಬೇಕು. ಹೊಟ್ಟೆ ಸೀಳನ್ನು ಮುಟ್ಟದಂತೆ ಸುಳಿ ಎಳೆಯುವುದು ವಿನ್ಯಾಸಕಾರರ ಹೊಣೆ. ಕಲ್ಲಿನ ಮೇಲೆ ಸೇನಬೋವರು ಅದನ್ನು ಮಾಡಿ ತೋರಿಸಿದ್ದಾರೆ.

ಕೈಯಿಂದ ಬರೆಯುವ ಕಲಾವಿದರ ಅನ್ನಕ್ಕೆ ಇದು ಕುತ್ತಲ್ಲವೇ ಎಂಬ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ. ಬೋರ್ಡು ಬರೆಯುವವರ ಕೆಲಸವನ್ನು ಫ್ಲೆಕ್ಸ್ ಆಗಲೇ ಕಸಿದಿದೆ. ಆದರೆ ಫ್ಲೆಕ್ಸಿನಲ್ಲಿ ಅವರ ಕೈಗುರುತೂ ಉಳಿಯಲಿಲ್ಲ, ಅವರ ಹೆಸರೂ ಉಳಿಯಲಿಲ್ಲ. ಅಕ್ಷರಮಾದರಿಯನ್ನು ಅವರಿಂದಲೇ ಬರೆಸಿ, ಸಂಭಾವನೆ ಕೊಟ್ಟು, ಅವರ ಹೆಸರಿನಲ್ಲಿ ಹೊರತಂದರೆ ಕಸಿದುಕೊಂಡಂತೆ ಆಗುವುದಿಲ್ಲ. ಕರಾಚಿಯ ಮಿರ್ಜಾ ಅಹ್ಮದ್ ಜಮೀಲ್ ಉರ್ದುವಿನ ನಸ್ತಾಲಿಕ್ ಬರಹದ ಸಾವಿರಾರು ಕೂಡಕ್ಷರಗಳನ್ನು ಒಂದೊಂದಾಗಿ ಕೈಯಲ್ಲಿ ಬರೆದು ಯಂತ್ರಕ್ಕೆ ಕೊಟ್ಟರು. 1981ರಿಂದ 'ಜಂಗ್' ಪತ್ರಿಕೆ ಆ 'ನೂರಿ ನಸ್ತಾಲಿಕ್' ಅಕ್ಷರದಲ್ಲಿ ಬರತೊಡಗಿತು. ಅದರ ಹಿಂದಿನ ದಿನದವರೆಗೆ ಕಾತಿಬರೆಂಬ ಲಿಪಿಕಾರರು ಕೂತು ಇಡೀ ಪತ್ರಿಕೆಯನ್ನು ಕೈಯಲ್ಲೇ ಬರೆಯಬೇಕಿತ್ತು. ಒಬ್ಬ ಲಿಪಿಕಾರನ ಕೈ ಲಕ್ಷಾಂತರ ಓದುಗರ ಕಣ್ಣಿಗೆ ಸೇರಿದ ಬಗೆ ಇದು. ಉರ್ದುವಿಗೆ ಸಾಧ್ಯವಾದದ್ದು ಅದಕ್ಕಿಂತ ಸರಳ ಕಟ್ಟಡದ ಕನ್ನಡಕ್ಕೆ ಸಾಧ್ಯವಾಗದಿರಲು ಕಾರಣವಿಲ್ಲ.

ತಾಂತ್ರಿಕ ಅಡ್ಡಿಯೂ ಈಗಿಲ್ಲ. ಹಳೆಯ ಫಾಂಟುಗಳಲ್ಲಿ ಇದ್ದ ಮನೆಗಳು ಇನ್ನೂರಕ್ಕೆ ಆಚೀಚೆ. ಅಷ್ಟರಲ್ಲಿ ಎಲ್ಲ ಗುಣಿತ, ಒತ್ತು ಹಿಡಿಸಬೇಕಾಗಿ ಬಂದು ಸೀಸದ ಮೊಳೆಯ ಕತ್ತರಿಸುವ ಕ್ರಮವೇ ಮುಂದುವರಿಯಿತು. ಯೂನಿಕೋಡ್ ಮತ್ತು ಓಪನ್‌ಟೈಪ್ ಬಂದ ಮೇಲೆ ಒಂದು ಅಕ್ಷರಕ್ಕೆ ನಾಲ್ಕಾರು ರೂಪ ಕೊಡಬಹುದು: ಪದದ ಮೊದಲಲ್ಲಿ ಬಂದರೆ ಒಂದು, ಕೊನೆಯಲ್ಲಿ ಬಂದರೆ ಉದ್ದ ಬಾಲದ ಇನ್ನೊಂದು, ಪಕ್ಕದಲ್ಲಿ ಒತ್ತು ಇಳಿದಿದ್ದರೆ ಅದಕ್ಕೆ ದಾರಿ ಬಿಡುವ ಮತ್ತೊಂದು. ತೊಡಕಿರುವುದು ಅಚ್ಚುಮನೆಗಳಲ್ಲಿ. ಎಷ್ಟೋ ಕಡೆ ಇನ್ನೂ ಹಳೆಯ ಸಂಕೇತದ ಫಾಂಟು, ಯೂನಿಕೋಡ್ ತಿಳಿಯದ ಹಳೆಯ ಪೇಜ್‌ಮೇಕರ್ ನಡೆಯುತ್ತಿವೆ. ಹೊಸ ಅಕ್ಷರ ಬಂದರೆ ಅವರಿಗೆ ತರಬೇತಿಯೂ ಜೊತೆಗೇ ಬರಬೇಕು.

ಇದೆಲ್ಲ ಉಳ್ಳವರ ಶೋಕಿ ಎನ್ನುವವರಿಗೆ ಒಂದು ಮಾತು. ಗಂಭೀರವಾದ ದಿನ ಎಲ್ಲರ ಬದುಕಿನಲ್ಲೂ ಬರುತ್ತದೆ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದಲ್ಲಿ ಸಂತ ಸೇವಾಲಾಲರ ಜಯಂತಿಗೆ ನಾಡಿನ ತಾಂಡಾಗಳೆಲ್ಲ ಸೇರುತ್ತವೆ. ಹೊನ್ನಾಳಿಯ ಹಿರೇಕಲ್ಮಠದ ಕಾರ್ಯಕ್ರಮಕ್ಕೆ ಕರೆಯೋಲೆ ಹೊರಡುತ್ತದೆ. ಸರ್ಕಾರಿ ಶಾಲೆಯ ಹುಡುಗಿಗೆ ಪ್ರಶಸ್ತಿಪತ್ರ ಸಿಗುತ್ತದೆ, ನಿವೃತ್ತರಾದ ಮೇಷ್ಟ್ರಿಗೆ ಊರವರು ಬಿನ್ನವತ್ತಳೆ ಓದುತ್ತಾರೆ. ಹಣವುಳ್ಳವರು ಬೇಕಾದರೆ ಕಲಾವಿದರಿಂದ ಬರೆಸಿಕೊಳ್ಳುತ್ತಾರೆ. ಕೂಲಿಯವರ ಮನೆಯ ಮದುವೆಗೂ ಅದೇ ಮರ್ಯಾದೆಯ ಅಕ್ಷರ ಸಿಗಬೇಕಾದರೆ ಅದು ಅಚ್ಚುಮನೆಯ ಗಣಕದಲ್ಲಿ ಬಿಟ್ಟಿಯಾಗಿ ಇರಬೇಕು. ಆದ್ದರಿಂದ ಇದರ ಖರ್ಚನ್ನು ಸಾರ್ವಜನಿಕ ಸಂಸ್ಥೆಗಳು ಹೊರುವುದೇ ನ್ಯಾಯ.

ಮಾಡುವವರೂ ಹತ್ತಿರದಲ್ಲೇ ಇದ್ದಾರೆ. ದಾವಣಗೆರೆಯಲ್ಲಿ 1964ರಿಂದ ನಡೆದುಬಂದ ದೃಶ್ಯಕಲಾ ಮಹಾವಿದ್ಯಾಲಯ ಇದೆ. ಅಲ್ಲಿನ ವಿದ್ಯಾರ್ಥಿಗಳು ಶಾಸನತಜ್ಞರೊಡನೆ ತಾಳಗುಂದ, ಹರಿಹರ, ಹೊನ್ನಾಳಿ, ಚನ್ನಗಿರಿಯ ಕಲ್ಲುಗಳ ಪಡಿಯಚ್ಚು ತೆಗೆದು, ಬೊರುವಿನಿಂದಲೂ ಬಳಪದಿಂದಲೂ ಅವನ್ನು ಬರೆದು ಬರೆದು ಕೈಗೆ ತಂದುಕೊಳ್ಳಬಹುದು. ವರ್ಣಮಾಲೆಯ ಅಕಾರದಿಂದ ಶುರುಮಾಡುವುದಕ್ಕಿಂತ ಒತ್ತುಗಳಿಂದ ಶುರುಮಾಡಲಿ ಎಂಬುದು ನನ್ನ ಸಲಹೆ, ಏಕೆಂದರೆ ಕನ್ನಡದ ಅಕ್ಷರಮಾದರಿ ಸೋಲುವುದೂ ಗೆಲ್ಲುವುದೂ ಅಡಿಗೆರೆಯ ಕೆಳಗೆ. ಹೊನ್ನಾಳಿ, ಚನ್ನಗಿರಿ, ಸಂತೆಬೆನ್ನೂರು ಈ ಮೂರು ಹೆಸರುಗಳಲ್ಲೂ ನಕಾರಕ್ಕೆ ನಕಾರದ ಒತ್ತು ಬರುತ್ತದೆ, ಮೂರರಲ್ಲೂ ಮೇಲಿನ ಸ್ವರ ಬೇರೆ. ನ್ಯಾಮತಿಯಲ್ಲಿ ಅದೇ ನಕಾರ ಯಕಾರದ ಒತ್ತನ್ನು ಹೊತ್ತಿದೆ. ಮೊದಲು ಈ ನಾಲ್ಕು ಊರುಗಳ ಹೆಸರನ್ನು ಬರೆದು, ದೊಡ್ಡದಾಗಿ ಅಚ್ಚು ಹಾಕಿ, ಹೊನ್ನಾಳಿಯ ಸಂತೆಯಲ್ಲಿ ಹತ್ತು ಜನರ ಮುಂದೆ ಹಿಡಿಯಲಿ. ಕನ್ನಡಕವಿಲ್ಲದ ಅಜ್ಜ ತಡವರಿಸದೆ ಓದಿದರೆ ಮುಂದಿನ ಅಕ್ಷರಕ್ಕೆ ಕೈ ಹಾಕಲಿ, ತಡವರಿಸಿದರೆ ಆ ಒತ್ತನ್ನು ಮತ್ತೆ ಬರೆಯಲಿ.